ಐಸ್‌ಲ್ಯಾಂಡ್ ಪ್ರವಾಸ: ನೋಡುವುದಕ್ಕೆ ದುಡ್ಡಿಲ್ಲ, ಇರುವುದಕ್ಕೆ ದುಡ್ಡು

ಗುಲ್‌ಫಾಸ್ ಜಲಪಾತಕ್ಕೆ ಟಿಕೆಟ್ ಇಲ್ಲ. ಐದು-ಹತ್ತು ನಿಮಿಷಕ್ಕೊಮ್ಮೆ ಬಿಸಿನೀರು ಚಿಮ್ಮಿಸುವ ಸ್ಟ್ರೊಕ್ಕುರ್ ಬುಗ್ಗೆಗೂ ಇಲ್ಲ, ರೇನಿಸ್‌ಫ್ಯಾರಾದ ಕಪ್ಪು ಮರಳಿನ ಕಡಲತೀರಕ್ಕೂ ಇಲ್ಲ. ಹೆಚ್ಚೆಂದರೆ ಕಾರು ನಿಲ್ಲಿಸುವುದಕ್ಕೆ ಸಾವಿರ ಕ್ರೋನಾ (ಅಲ್ಲಿನ ನಾಣ್ಯ) ಆಸುಪಾಸು ಕೊಡಬೇಕು. ಐಸ್‌ಲ್ಯಾಂಡಿನಲ್ಲಿ ಕೈ ಖಾಲಿಯಾಗುವುದು ಮೂರು ಕಡೆ: ರಾತ್ರಿ ಮಲಗುವ ಕೋಣೆ, ಓಡಾಡುವ ಕಾರು, ಹೋಟೆಲ್ ಊಟ. ಹಾಗಾಗಿ ‘ಏನೇನು ನೋಡೋಣ’ ಎಂಬ ಪಟ್ಟಿಯಿಂದ ಯೋಜನೆ ಶುರು ಮಾಡಬೇಡಿ. ಯಾವ ತಿಂಗಳು, ಎಷ್ಟು ಕಿಲೋಮೀಟರ್, ಎಲ್ಲೆಲ್ಲಿ ರಾತ್ರಿ ಎಂಬುದನ್ನು ಈ ಕ್ರಮದಲ್ಲೇ ಗೊತ್ತುಮಾಡಿಕೊಂಡರೆ ಖರ್ಚು ಹಿಡಿತಕ್ಕೆ ಬರುತ್ತದೆ.

ಲೆಕ್ಕಕ್ಕೆ ಸುಲಭವಾಗಲೆಂದು 100 ಕ್ರೋನಾಗೆ ಸುಮಾರು 70 ರೂಪಾಯಿ ಎಂದಿಟ್ಟುಕೊಳ್ಳಿ. ಹೊರಡುವ ಮುನ್ನ ಅಂದಿನ ದರ ನೋಡಿಕೊಳ್ಳಿ.

ಮೊದಲು ತಿಂಗಳು ಆರಿಸಿ

ಜೂನ್ ಕೊನೆಯಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೂರ್ಯ ಮುಳುಗುವುದು ಮಧ್ಯರಾತ್ರಿಗೆ. ಬೆಳಗಿನ ಜಾವ ಮೂರಕ್ಕೆಲ್ಲ ಮತ್ತೆ ಹುಟ್ಟುತ್ತಾನೆ, ನಡುವೆಯೂ ಕತ್ತಲಾಗುವುದಿಲ್ಲ. ತಿರುಗಾಟಕ್ಕೆ ಇದು ಹೇಳಿ ಮಾಡಿಸಿದ ಕಾಲ, ಆದರೆ ಕೋಣೆ ಮತ್ತು ಕಾರಿನ ಬಾಡಿಗೆ ತುಟ್ಟತುದಿ ಮುಟ್ಟಿರುತ್ತದೆ. ಬಾನಿನಲ್ಲಿ ಹಸಿರು ಬೆಳಕು ಕುಣಿಯುವ ಅರೋರಾ ಕಾಣುವ ಮಾತೇ ಇಲ್ಲ. ಡಿಸೆಂಬರ್‌ನಲ್ಲಿ ಇದು ತಿರುವುಮುರುವು: ಹಗಲು ಸುಮಾರು ನಾಲ್ಕು ಗಂಟೆ, ರಸ್ತೆ ಮೇಲೆ ಮಂಜುಗಡ್ಡೆ, ಗಾಳಿ ಹೆಚ್ಚಾದರೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಹಿಮದ ಮೇಲೆ ಓಡಿಸಿ ಅಭ್ಯಾಸವಿಲ್ಲದವರು ಚಳಿಗಾಲದಲ್ಲಿ ಕಾರಿನ ಆಸೆ ಬಿಟ್ಟು, ರೇಕ್ಯಾವಿಕ್‌ನಲ್ಲೇ ಉಳಿದು ದಿನಕ್ಕೊಂದು ಬಸ್ ಪ್ರವಾಸ ಹಿಡಿಯುವುದು ಕ್ಷೇಮ.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ ಸೆಪ್ಟೆಂಬರ್ ಮೊದಲ ಮೂರು ವಾರ. ಹಗಲು ಇನ್ನೂ ಹನ್ನೆರಡರಿಂದ ಹದಿನಾಲ್ಕು ಗಂಟೆ ಇರುತ್ತದೆ, ರಸ್ತೆಗಳು ಸಾಮಾನ್ಯವಾಗಿ ಹಿಮವಿಲ್ಲದೆ ತೆರೆದಿರುತ್ತವೆ, ರಾತ್ರಿ ಕತ್ತಲಾಗುವುದರಿಂದ ಮೋಡವಿಲ್ಲದಿದ್ದರೆ ಅರೋರಾಗೂ ಅವಕಾಶ ಉಂಟು. ಬಣ್ಣದ ಕೊಕ್ಕಿನ ಪಫಿನ್ ಹಕ್ಕಿ ನೋಡಲೇಬೇಕೆಂದರೆ ಮಾತ್ರ ಮೇ ಉತ್ತರಾರ್ಧ ಅಥವಾ ಜೂನ್ ಆರಿಸಿ. ಆಗಸ್ಟ್ ಮಧ್ಯದ ಹೊತ್ತಿಗೆ ಅವು ಸಮುದ್ರಕ್ಕೆ ಮರಳಿರುತ್ತವೆ.

ವೀಸಾ ಮತ್ತು ವಿಮಾನ

ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಹಲವು ದೇಶ ಸುತ್ತುವುದಾದರೆ ಹೆಚ್ಚು ದಿನ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕು. ಬೇರೆ ದೇಶದ ವೀಸಾ ಬೇಗ ಸಿಗುತ್ತದೆಂದು ಅಲ್ಲಿ ಹಾಕಿ, ಎಲ್ಲ ರಾತ್ರಿಯ ಬುಕಿಂಗ್ ಐಸ್‌ಲ್ಯಾಂಡಿನದೇ ತೋರಿಸಿದರೆ ಅರ್ಜಿ ತಿರಸ್ಕೃತವಾಗುತ್ತದೆ. ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಹಿಂತಿರುಗುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ಪ್ರಯಾಣಕ್ಕೆ ಮೂರು ತಿಂಗಳಾದರೂ ಮುಂಚೆ ಹಾಕಿ, ಏಕೆಂದರೆ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟ. ವೀಸಾ ಕೈಗೆ ಬರುವ ತನಕ ರದ್ದು ಮಾಡಿದರೆ ಹಣ ವಾಪಸಾಗುವ ಕೋಣೆಗಳನ್ನಷ್ಟೇ ಕಾದಿರಿಸಿ.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್, ಕೋಪನ್‌ಹೇಗನ್, ಹೆಲ್ಸಿಂಕಿ, ಪ್ಯಾರಿಸ್ ಇಂಥ ಯಾವುದಾದರೊಂದು ಊರಿನಲ್ಲಿ ಬದಲಿಸಬೇಕು. ಲಂಡನ್ ಮೂಲಕ ಟಿಕೆಟ್ ಅಗ್ಗವಾಗಿ ಕಂಡರೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕಾಗಬಹುದು. ಅದನ್ನು ವಿಚಾರಿಸದೆ ದುಡ್ಡು ಕಟ್ಟಬೇಡಿ. ಷೆಂಗೆನ್ ಒಳಗೆ ಬದಲಿಸುವಾಗ ವಲಸೆ ತಪಾಸಣೆ ಆ ಮೊದಲ ಊರಿನಲ್ಲೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಅಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬಂದಿರುವುದರಿಂದ ಸಾಲು ಉದ್ದವಾಗುತ್ತದೆ. ಎರಡು ವಿಮಾನಗಳ ನಡುವೆ ಮೂರು ಗಂಟೆ ಅಂತರವಿರಲಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿಯಿದೆ. ಐಸ್‌ಲ್ಯಾಂಡ್‌ಏರ್ ವಿಮಾನದಲ್ಲಿ ಯುರೋಪಿಗೆ ಹೋಗುವವರು ವಿಮಾನದ ಟಿಕೆಟ್‌ಗೆ ಹೆಚ್ಚಿನ ದರ ತೆರದೆ ದಾರಿಯಲ್ಲಿ ಏಳು ದಿನದವರೆಗೆ ಐಸ್‌ಲ್ಯಾಂಡಿನಲ್ಲಿ ಇಳಿದುಕೊಳ್ಳಬಹುದು. ಆದರೆ ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ವೀಸಾ ವಿನಾಯಿತಿ ಸಿಗುವುದಿಲ್ಲ. ಪಾಸ್‌ಪೋರ್ಟ್ ಭಾರತದ್ದಾದರೆ ಷೆಂಗೆನ್ ವೀಸಾ ಬೇಕೇ ಬೇಕು.

ದ್ವೀಪದ ಸುತ್ತು ಬೇಡ, ದಕ್ಷಿಣ ಸಾಕು

ದ್ವೀಪವನ್ನು ಸುತ್ತುವ ಒಂದನೇ ನಂಬರಿನ ಹೆದ್ದಾರಿ, ಅಂದರೆ ರಿಂಗ್ ರೋಡ್, 1,300 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಇದನ್ನು ಐದಾರು ದಿನದಲ್ಲಿ ಮುಗಿಸುವ ಯೋಜನೆಗಳು ಎಲ್ಲೆಡೆ ಸಿಗುತ್ತವೆ. ದಯವಿಟ್ಟು ಅವನ್ನು ನಂಬಬೇಡಿ. ಡಾಂಬರು ರಸ್ತೆಯಲ್ಲಿ ವೇಗಮಿತಿ ಗಂಟೆಗೆ 90 ಕಿ.ಮೀ., ಜಲ್ಲಿ ರಸ್ತೆಯಲ್ಲಿ 80. ಒಂದೇ ವಾಹನ ದಾಟಬಹುದಾದ ಸೇತುವೆಗಳು, ರಸ್ತೆಗೆ ಅಡ್ಡ ಬರುವ ಕುರಿಗಳು, ದಾರಿಯುದ್ದಕ್ಕೂ ನಿಲ್ಲಿಸಿ ನೋಡಬೇಕೆನಿಸುವ ಜಾಗಗಳು ಇರುವಾಗ ಸರಾಸರಿ 60 ಸಿಕ್ಕರೆ ಹೆಚ್ಚು. ಇಡೀ ಸುತ್ತಿಗೆ ಹತ್ತು ದಿನವಾದರೂ ಬೇಕು. ಏಳು ರಾತ್ರಿ ಇದ್ದವರಿಗೆ ಗೋಲ್ಡನ್ ಸರ್ಕಲ್ (ಥಿಂಗ್‌ವೆಲ್ಲಿರ್, ಗೇಸಿರ್, ಗುಲ್‌ಫಾಸ್ ಸೇರಿದ ಸುತ್ತು) ಮತ್ತು ದಕ್ಷಿಣ ಕರಾವಳಿ, ಒಟ್ಟು ಸುಮಾರು ಸಾವಿರ ಕಿ.ಮೀ., ಸರಿಯಾದ ಅಳತೆ.

ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ರೇಕ್ಯಾವಿಕ್‌ಗೆ 50 ಕಿ.ಮೀ., ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಭಾರತದಿಂದ ಹೊರಟು ಇಪ್ಪತ್ತು ಗಂಟೆ ನಿದ್ದೆಗೆಟ್ಟವರು ಇಳಿದ ತಕ್ಷಣ, ಅದೂ ಬಲಗಡೆ ಸಾಗುವ ರಸ್ತೆಯಲ್ಲಿ, ಸ್ಟಿಯರಿಂಗ್ ಹಿಡಿಯಬಾರದು. ಮೊದಲ ರಾತ್ರಿ ರೇಕ್ಯಾವಿಕ್‌ನಲ್ಲಿ ಕಳೆದು, ಮಾರನೆಯ ಬೆಳಿಗ್ಗೆ ಕಾರು ಪಡೆಯಿರಿ. ಒಂದು ದಿನದ ಬಾಡಿಗೆಯೂ ಉಳಿಯುತ್ತದೆ.

ಎರಡನೇ ದಿನ ಥಿಂಗ್‌ವೆಲ್ಲಿರ್, ಸ್ಟ್ರೊಕ್ಕುರ್ ಬುಗ್ಗೆಯಿರುವ ಗೇಸಿರ್, ಗುಲ್‌ಫಾಸ್. ಕ್ರಿ.ಶ. 930ರಲ್ಲಿ ದ್ವೀಪದ ಜನ ಬಯಲಲ್ಲಿ ಸಭೆ ಸೇರಿ ಕಾನೂನು ಮಾಡಲು ಆರಂಭಿಸಿದ ಜಾಗ ಥಿಂಗ್‌ವೆಲ್ಲಿರ್. ಉತ್ತರ ಅಮೆರಿಕ ಮತ್ತು ಯುರೇಷ್ಯಾದ ಭೂಫಲಕಗಳು ಒಂದರಿಂದೊಂದು ದೂರ ಸರಿಯುತ್ತಿರುವುದರಿಂದ ಬಿರುಕು ಬಿಟ್ಟ ನೆಲವೂ ಅಲ್ಲೇ ಕಾಣುತ್ತದೆ. ಎರಡು ಗಂಟೆ ಅಲ್ಲಿಗೆ ಇಡಿ. ಆ ರಾತ್ರಿ ಸೆಲ್‌ಫಾಸ್ ಅಥವಾ ಹೆಲ್ಲಾದಲ್ಲಿ ತಂಗಿ.

ಮೂರನೇ ದಿನ ಸೆಲ್ಯಾಲ್ಯಾಂಡ್ಸ್‌ಫಾಸ್ ಮತ್ತು ಸ್ಕೋಗಾಫಾಸ್ ಜಲಪಾತಗಳು, ಎರಡೂ ಸುಮಾರು 60 ಮೀಟರ್ ಎತ್ತರದವು. ಮೊದಲನೆಯದರ ಹಿಂಭಾಗದಲ್ಲಿ ನಡೆದುಹೋಗಬಹುದು, ಆದರೆ ಮಳೆಯಲ್ಲಿ ನಿಂತಷ್ಟೇ ನೆನೆಯುತ್ತೀರಿ; ಜೀನ್ಸ್ ಬೇಡ, ಅದು ಸಂಜೆಯಾದರೂ ಒಣಗುವುದಿಲ್ಲ. ಅಲ್ಲಿಂದ ರೇನಿಸ್‌ಫ್ಯಾರಾ. ಈ ತೀರದಲ್ಲಿ ಶಾಂತವಾಗಿ ಕಾಣುವ ಸಮುದ್ರದಿಂದ ಒಮ್ಮೆಲೇ ದೊಡ್ಡ ಅಲೆ ನುಗ್ಗಿ ಬಂದು ಕಾಲು ಎಳೆದುಬಿಡುತ್ತದೆ, ಪ್ರವಾಸಿಗರು ಸತ್ತಿದ್ದಾರೆ. ಎಚ್ಚರಿಕೆಯ ದೀಪ ಕೆಂಪಾಗಿದ್ದರೆ ಕೆಳಗೆ ಇಳಿಯಲೇಬೇಡಿ. ಉಳಿದ ಹೊತ್ತಿನಲ್ಲೂ ನೀರಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ.

ಈ ತೀರದ ಪಕ್ಕದ ವಿಕ್ ಚಿಕ್ಕ ಊರು, ಕೋಣೆ ಕಡಿಮೆ, ಬೆಲೆ ಹೆಚ್ಚು. 73 ಕಿ.ಮೀ. ಮುಂದೆ ಹೋದರೆ ಸಿಗುವ, ಎಲ್ಲರೂ ಕ್ಲೌಸ್ತುರ್ ಎಂದೇ ಕರೆಯುವ ಊರಿನ ಸುತ್ತಮುತ್ತ ಎರಡು ರಾತ್ರಿ ಉಳಿಯಿರಿ. ಅಲ್ಲಿಂದ ನಾಲ್ಕನೇ ದಿನ ಯೋಕುಲ್ಸಾರ್ಲೋನ್ ಕೊಳಕ್ಕೆ ಹೋಗಿ ಬರಬಹುದು. ಹಿಮನದಿಯಿಂದ ಕಳಚಿದ ಗಡ್ಡೆಗಳು ಕೊಳದಲ್ಲಿ ತೇಲಿ, ಹೆದ್ದಾರಿಯ ಸೇತುವೆಯಡಿ ಹಾದು ಸಮುದ್ರ ಸೇರುತ್ತವೆ. ಅಲೆ ಅವುಗಳಲ್ಲಿ ಕೆಲವನ್ನು ಮತ್ತೆ ಕಪ್ಪು ಮರಳಿನ ಮೇಲೆ ತಂದು ಹಾಕುತ್ತದೆ. ಇದನ್ನೆಲ್ಲ ದಡದಿಂದಲೇ ಪುಕ್ಕಟೆ ನೋಡಬಹುದು, ದೋಣಿ ವಿಹಾರ ಕಡ್ಡಾಯವೇನಲ್ಲ. ದುಡ್ಡು ಕೊಟ್ಟು ಒಂದೇ ಒಂದು ಕಾರ್ಯಕ್ರಮ ಮಾಡುವುದಾದರೆ ಐದನೇ ದಿನ ಮಾರ್ಗದರ್ಶಕರೊಂದಿಗೆ ಹಿಮನದಿಯ ಮೇಲೆ ನಡೆಯುವುದನ್ನು ಆರಿಸಿಕೊಳ್ಳಿ. ಒಬ್ಬರೇ ಹತ್ತಬೇಡಿ, ಬೇಸಿಗೆಯಲ್ಲಿ ಹಿಮದ ಗುಹೆ ತೋರಿಸುತ್ತೇವೆಂದರೆ ಹೋಗಬೇಡಿ. 2024ರ ಆಗಸ್ಟ್‌ನಲ್ಲಿ ಇದೇ ಭಾಗದ ಹಿಮನದಿಯಲ್ಲಿ ಹಿಮ ಕುಸಿದು ಪ್ರವಾಸಿಗರೊಬ್ಬರು ಸತ್ತರು. ಅದೇ ಸಂಜೆ ಹೆಲ್ಲಾ ಕಡೆಗೆ ಹಿಂತಿರುಗಿ ಅಲ್ಲೊಂದು ರಾತ್ರಿ, ಕೊನೆಯ ಎರಡು ರಾತ್ರಿ ರೇಕ್ಯಾವಿಕ್.

ಕೋಣೆ ಹುಡುಕುವಾಗ

ಬೇಸಿಗೆಯಲ್ಲಿ ಇಬ್ಬರ ಸಾಧಾರಣ ಕೋಣೆಗೆ 20,000ದಿಂದ 35,000 ಕ್ರೋನಾ ಆಗುತ್ತದೆ. ಸ್ನಾನದ ಮನೆ ಹಂಚಿಕೊಳ್ಳುವ ಗೆಸ್ಟ್‌ಹೌಸ್ ಇದಕ್ಕಿಂತ ಅಗ್ಗ. ಆದರೆ ಹುಡುಕಾಟದಲ್ಲಿ ನೀವು ಮೊದಲು ಗುರುತು ಹಾಕಬೇಕಾದದ್ದು ‘ಅಡುಗೆಮನೆ ಇದೆಯೇ’ ಎಂಬುದಕ್ಕೆ. ಹೋಟೆಲಿನಲ್ಲಿ ಒಂದು ಮುಖ್ಯ ಖಾದ್ಯಕ್ಕೆ 3,500ರಿಂದ 6,000 ಕ್ರೋನಾ. ಇಬ್ಬರ ಒಂದು ರಾತ್ರಿಯೂಟಕ್ಕೆ ಆರೇಳು ಸಾವಿರ ರೂಪಾಯಿ ಕರಗುತ್ತದೆ. ಕೋಣೆಗೆ ಎರಡು-ಮೂರು ಸಾವಿರ ಕ್ರೋನಾ ಹೆಚ್ಚು ಕೊಟ್ಟರೂ ಅಡುಗೆಮನೆ ಇದ್ದರೆ ಅದೇ ಲಾಭ. ವ್ಯಾನಿನಲ್ಲಿ ಮಲಗುವುದು ಅಗ್ಗವೆಂದು ಕಂಡವರು ಒಂದು ವಿಷಯ ತಿಳಿದಿರಲಿ: ಕಂಡಲ್ಲಿ ನಿಲ್ಲಿಸಿ ರಾತ್ರಿ ಕಳೆಯುವಂತಿಲ್ಲ, ಕ್ಯಾಂಪಿಂಗ್ ತಾಣದಲ್ಲೇ ದುಡ್ಡು ಕೊಟ್ಟು ತಂಗಬೇಕು.

ಕಾರು: ಗಾಳಿಯೇ ದೊಡ್ಡ ಶತ್ರು

ಈ ದಾರಿಗೆ ಬೇಸಿಗೆಯಲ್ಲಿ ಸಣ್ಣ ಕಾರು ಸಾಕು. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುವ ವಾಹನ ಕಡ್ಡಾಯವಾಗುವುದು ‘ಎಫ್’ ಅಕ್ಷರದಿಂದ ಶುರುವಾಗುವ ಒಳನಾಡಿನ ರಸ್ತೆಗಳಿಗೆ. ಅವು ಸಾಮಾನ್ಯವಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಆರಂಭದ ತನಕವಷ್ಟೇ ತೆರೆದಿರುತ್ತವೆ. ರಸ್ತೆ ಬಿಟ್ಟು ಹುಲ್ಲು, ಪಾಚಿ, ಮರಳಿನ ಮೇಲೆ ಓಡಿಸುವುದು ಕಾನೂನುಬಾಹಿರ, ದಂಡ ಭಾರಿ. ಅಲ್ಲಿನ ಪಾಚಿ ಮತ್ತೆ ಚಿಗುರಲು ದಶಕಗಳೇ ಹಿಡಿಯುತ್ತವೆ.

ವಿಮೆಯಲ್ಲಿ ಎಡವುವವರೇ ಜಾಸ್ತಿ. ಮೂಲ ವಿಮೆ ಇದ್ದರೂ ಹಾನಿಯ ಮೊದಲ ದೊಡ್ಡ ಮೊತ್ತ ನಿಮ್ಮದೇ. ಜಲ್ಲಿ ಸಿಡಿದು ಗಾಜು ಒಡೆಯುವುದಕ್ಕೆ ಬೇರೆ ವಿಮೆ ಇದೆ, ಅದನ್ನು ತೆಗೆದುಕೊಳ್ಳಿ. ಮರಳು-ಬೂದಿಯ ಬಿರುಗಾಳಿ ಬಣ್ಣವನ್ನೇ ಕೆರೆದು ಹಾಕುವುದರಿಂದ ದಕ್ಷಿಣ ಕರಾವಳಿಗೆ ಅದರ ವಿಮೆಯೂ ಇರಲಿ. ಗಾಳಿಗೆ ಬಾಗಿಲು ಹಿಂದಕ್ಕೆ ಮಡಚಿಕೊಂಡರೆ ಮಾತ್ರ ಬಹುತೇಕ ಪಾಲಿಸಿಗಳಲ್ಲಿ ಒಂದು ಪೈಸೆಯೂ ಬರುವುದಿಲ್ಲ. ಇದಕ್ಕೆ ಇರುವ ವಿಮೆ ಅಭ್ಯಾಸವೊಂದೇ: ಗಾಳಿಗೆ ಎದುರಾಗಿ ಮೂತಿ ಮಾಡಿ ನಿಲ್ಲಿಸಿ, ಕಿಟಕಿ ಒಂದಿಂಚು ಇಳಿಸಿ ಗಾಳಿಯ ಬಲ ನೋಡಿ, ಒಂದು ಕೈಯಲ್ಲಿ ಬಾಗಿಲಿನ ಹಿಡಿ, ಇನ್ನೊಂದರಲ್ಲಿ ಅದರ ಅಂಚು ಹಿಡಿದು ಮೆಲ್ಲಗೆ ತೆರೆಯಿರಿ. ಎರಡು ಕಡೆಯ ಬಾಗಿಲು ಒಟ್ಟಿಗೆ ತೆರೆಯಬೇಡಿ. ಮಕ್ಕಳಿಗೆ ತಾವಾಗಿ ತೆರೆಯಲು ಬಿಡಬೇಡಿ.

ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರಬೇಕು. ಎರಡು ಪಥದ ವೃತ್ತದಲ್ಲಿ ಒಳಪಥದ ವಾಹನಕ್ಕೆ ಮೊದಲ ಹಕ್ಕು. ಒಂಟಿ ಸೇತುವೆಯಲ್ಲಿ ಯಾರು ಮೊದಲು ಹತ್ತಿರ ಬಂದರೋ ಅವರಿಗೆ ದಾರಿ ಬಿಡಿ. ವಾಹನ ನಿಲುಗಡೆಯಲ್ಲಿ ಗೇಟು, ಕಾವಲುಗಾರ ಯಾರೂ ಕಾಣದಿದ್ದರೆ ಪುಕ್ಕಟೆ ಎಂದುಕೊಳ್ಳಬೇಡಿ: ಕ್ಯಾಮೆರಾ ನಂಬರ್ ಪ್ಲೇಟ್ ಓದಿರುತ್ತದೆ. ಅಂದೇ ಪಾರ್ಕಾ ಆ್ಯಪ್‌ನಲ್ಲೋ ಯಂತ್ರದಲ್ಲೋ ಕಟ್ಟದಿದ್ದರೆ ಬಿಲ್ಲು ಬಾಡಿಗೆ ಸಂಸ್ಥೆಗೆ ಹೋಗಿ, ಅವರ ಶುಲ್ಕವೂ ಸೇರಿ ನಿಮ್ಮ ಕಾರ್ಡಿನಿಂದ ಕಡಿತವಾಗುತ್ತದೆ.

ಪೆಟ್ರೋಲ್ ಬಂಕ್‌ಗಳು ಹೆಚ್ಚಿನವು ಸ್ವಯಂಸೇವೆಯವು. ಯಂತ್ರಕ್ಕೆ ಕಾರ್ಡ್ ತೂರಿಸಿ, ನಾಲ್ಕಂಕಿಯ ಪಿನ್ ಒತ್ತಿ, ಮೊತ್ತ ಆರಿಸಬೇಕು. ‘ಟ್ಯಾಂಕ್ ತುಂಬಿಸಿ’ ಎಂಬುದನ್ನು ಒತ್ತಿದರೆ ಯಂತ್ರ ದೊಡ್ಡ ಮೊತ್ತವನ್ನು ತಡೆಹಿಡಿಯುತ್ತದೆ, ಅದು ಬಿಡುಗಡೆಯಾಗಲು ದಿನಗಳೇ ಬೇಕು. 5,000 ಕ್ರೋನಾ ಎಂಬಂತೆ ನಿಗದಿತ ಮೊತ್ತ ಒತ್ತಿ. ‘ಬೆನ್ಸಿನ್’ ಎಂದು ಬರೆದಿರುವುದು ಪೆಟ್ರೋಲ್. ಅರ್ಧ ಟ್ಯಾಂಕ್‌ಗೆ ಇಳಿದ ಕೂಡಲೇ ಮುಂದಿನ ಊರಿನಲ್ಲಿ ತುಂಬಿಸುವ ರೂಢಿ ಮಾಡಿಕೊಳ್ಳಿ. ಎಲೆಕ್ಟ್ರಿಕ್ ಕಾರಿಗೆ 2024ರಿಂದ ಕಿಲೋಮೀಟರ್ ಲೆಕ್ಕದ ಸರ್ಕಾರಿ ಶುಲ್ಕವಿದೆ. ಬುಕ್ ಮಾಡುವಾಗ ಬಾಡಿಗೆಯಲ್ಲಿ ಇಂಥ ಶುಲ್ಕ ಸೇರಿದೆಯೇ ಎಂದು ಯಾವ ಕಾರಿಗಾದರೂ ಕೇಳಿ.

ನಗದು ಕ್ರೋನಾ ಬೇಕಾಗುವುದಿಲ್ಲ, ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಯೂರೊ ತುಂಬಿಸಿದ ಫಾರೆಕ್ಸ್ ಕಾರ್ಡ್‌ನಿಂದ ಕ್ರೋನಾ ಕಟ್ಟಿದರೆ ಎರಡು ಬಾರಿ ವಿನಿಮಯದ ಪೆಟ್ಟು ಬೀಳುತ್ತದೆ. ಯಂತ್ರ ‘ರೂಪಾಯಿಯಲ್ಲಿ ಕಟ್ಟುವಿರಾ’ ಎಂದು ಕೇಳಿದರೆ ಬೇಡವೆಂದು ಕ್ರೋನಾ ಆರಿಸಿ.

ಊಟ, ನೀರು, ಒಗ್ಗರಣೆ

ನಲ್ಲಿಯ ತಣ್ಣೀರು ಕುಡಿಯಲು ಅತ್ಯುತ್ತಮ. ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ಬಿಸಿನೀರಿಗೆ ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಇರುವುದು ಸಹಜ, ಸ್ನಾನಕ್ಕೆ ತೊಂದರೆಯಿಲ್ಲ. ದಿನಸಿಗೆ ಬೋನಸ್, ಕ್ರೋನನ್ ಅಂಗಡಿಗಳು. ರೇಕ್ಯಾವಿಕ್ ಅಥವಾ ಸೆಲ್‌ಫಾಸ್‌ನಲ್ಲೇ ನಾಲ್ಕು ದಿನದ ಸಾಮಾನು ಕೊಂಡುಬಿಡಿ, ಪೂರ್ವಕ್ಕೆ ಹೋದಂತೆ ಅಂಗಡಿಗಳು ವಿರಳ. ಗಟ್ಟಿ ಮೊಸರಿನಂತಿರುವ ಸ್ಕೀರ್, ರೈ ಬ್ರೆಡ್, ನೆಲದ ಬಿಸಿಯಿಂದ ನಡೆಯುವ ಗಾಜಿನ ಮನೆಗಳಲ್ಲಿ ಬೆಳೆದ ಟೊಮೆಟೊ, ಸೌತೆಕಾಯಿ ಸಸ್ಯಾಹಾರಿಗಳಿಗೆ ಒದಗುತ್ತವೆ.

ಊರಿನಿಂದ ಒಯ್ಯುವುದಾದರೆ ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಸಾಕು. ಸುಂಕವಿಲ್ಲದೆ ಒಯ್ಯುವ ಆಹಾರ ಪದಾರ್ಥಕ್ಕೆ ತಲೆಗೆ ಮೂರು ಕಿಲೋ ಮಿತಿಯಿದೆ. ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ನಮ್ಮ ದೇಶದಿಂದ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಹಾಲಿನ ಪುಡಿ, ಪೇಡ ಮನೆಯಲ್ಲೇ ಇರಲಿ. ಅಲ್ಲಿ ಸಾಸಿವೆ-ಒಣಮೆಣಸಿನಕಾಯಿ ಒಗ್ಗರಣೆ ಹಾಕಲು ಹೋಗಬೇಡಿ. ಚಾವಣಿಯ ಹೊಗೆ ಎಚ್ಚರಿಕೆ ಗಂಟೆ ಕೂಗಿ ಇಡೀ ಗೆಸ್ಟ್‌ಹೌಸ್ ಹೊರಗೆ ಬರುತ್ತದೆ. ಮೊದಲೇ ಒಗ್ಗರಣೆ ಬಿದ್ದ ರವೆ ಒಯ್ಯಿರಿ ಎಂದದ್ದು ಇದಕ್ಕೇ.

ಹೆಸರಾಂತ ಬಿಸಿನೀರಿನ ಸ್ನಾನದ ಕೊಳ ಬ್ಲೂ ಲಗೂನ್‌ಗೆ ತಲೆಗೆ 10,000 ಕ್ರೋನಾ ಮೇಲೆ, ಮೊದಲೇ ಕಾದಿರಿಸಬೇಕು. 2023ರ ಡಿಸೆಂಬರ್‌ನಿಂದ ಪಕ್ಕದ ಗ್ರಿಂಡಾವಿಕ್ ಬಳಿ ಜ್ವಾಲಾಮುಖಿ ಮತ್ತೆ ಮತ್ತೆ ಸ್ಫೋಟಿಸಿ ಅದು ಹಲವು ಸಲ ಮುಚ್ಚಿತ್ತು. ಊರೂರಲ್ಲಿರುವ ಸಾರ್ವಜನಿಕ ಈಜುಕೊಳಕ್ಕೆ 1,500 ಕ್ರೋನಾ ಆಸುಪಾಸು, 38ರಿಂದ 44 ಡಿಗ್ರಿ ಬಿಸಿಯ ತೊಟ್ಟಿಗಳು ಅಲ್ಲೂ ಇವೆ, ಊರಿನವರು ಸಂಜೆ ಕೂತು ಹರಟುವುದೂ ಅಲ್ಲೇ. ನೀರಿಗಿಳಿಯುವ ಮುನ್ನ ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಲೇಬೇಕು, ಏಕೆಂದರೆ ಕೊಳಗಳಲ್ಲಿ ಕ್ಲೋರಿನ್ ತೀರಾ ಕಡಿಮೆ. ಗಂಡಸರಿಗೆ, ಹೆಂಗಸರಿಗೆ ಪ್ರತ್ಯೇಕ ಕೋಣೆಗಳಿವೆ, ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಸಂಕೋಚದಿಂದ ಈಜುಡುಗೆಯಲ್ಲೇ ನೀರು ಹೊಯ್ದುಕೊಂಡು ಹೋದರೆ ಸಿಬ್ಬಂದಿ ವಾಪಸ್ ಕಳಿಸುತ್ತಾರೆ.

ಪ್ರತಿದಿನ ಬೆಳಿಗ್ಗೆ ಹೊರಡುವ ಮುನ್ನ ಹವಾಮಾನ ಇಲಾಖೆಯ ಎಚ್ಚರಿಕೆಯ ಬಣ್ಣ, ಸೇಫ್‌ಟ್ರಾವೆಲ್ ಜಾಲತಾಣದಲ್ಲಿ ರಸ್ತೆಯ ಸ್ಥಿತಿ ನೋಡಿ. ಹಳದಿ ಇದ್ದರೆ ಕಾರ್ಯಕ್ರಮ ಮೊಟಕು ಮಾಡಿ, ಕಿತ್ತಳೆ ಅಥವಾ ಕೆಂಪು ಇದ್ದರೆ ಕೋಣೆ ಬಿಟ್ಟು ಕದಲಬೇಡಿ. ತುರ್ತು ಸಂಖ್ಯೆ 112. ಕೊನೆಯ ಎರಡು ರಾತ್ರಿ ರೇಕ್ಯಾವಿಕ್‌ಗೆ ಇಟ್ಟಿರುವುದೂ ಈ ಕಾರಣಕ್ಕೇ: ಬಿರುಗಾಳಿಗೆ ಒಂದು ದಿನ ರಸ್ತೆ ಮುಚ್ಚಿದರೂ ವಿಮಾನ ತಪ್ಪುವುದಿಲ್ಲ.