ಹೆದ್ದಾರಿಯ ದಿನನಿತ್ಯದ ಓಡಾಟಕ್ಕೆ ನಾನು ಕಾರು ಆರಿಸಿಕೊಂಡ ಬಗೆ

ಲಾರಿಯನ್ನು ಹಿಂದಿಕ್ಕುವ ಮೊದಲು ಎ.ಸಿ. ಆರಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಗೇರನ್ನು ಐದರಿಂದ ಮೂರಕ್ಕೆ ಇಳಿಸಿ, ಎ.ಸಿ. ಗುಂಡಿ ಒತ್ತಿ, ಕನ್ನಡಿಯಲ್ಲಿ ಎರಡು ಸಲ ನೋಡಿ, ಆಮೇಲೆ ಪಕ್ಕದ ಪಥಕ್ಕೆ ಹೋಗುತ್ತಿದ್ದೆ. ಹನ್ನೊಂದು ವರ್ಷ ಹಳೆಯ, 1.2 ಲೀಟರಿನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಕಾರು ಅದು. ಊರೊಳಗೆ ಅದರಷ್ಟು ಹೇಳಿದಂತೆ ಕೇಳುವ ಗಾಡಿ ಇನ್ನೊಂದಿಲ್ಲ. ಆದರೆ ಕೆಲಸ ಬದಲಾದ ಮೇಲೆ ದಿನಕ್ಕೆ 130 ಕಿ.ಮೀ. ಓಡಾಟ ಶುರುವಾಯಿತು. ಅದರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರು ಹೆದ್ದಾರಿಯೇ. ಒಂದು ಮಳೆಯ ಸಂಜೆ, ಏರುಮುಖದ ರ‍್ಯಾಂಪಿನಿಂದ ಹೆದ್ದಾರಿಗೆ ಸೇರುವಾಗ, ಕಾಲನ್ನು ಪೂರ್ತಿ ಒತ್ತಿದರೂ ಮುಳ್ಳು 75 ದಾಟಲಿಲ್ಲ. ಹಿಂದಿನಿಂದ ಬಂದ ಲಾರಿಯ ಚಾಲಕ ಬ್ರೇಕ್ ಹಾಕಿ ಜಾಗ ಕೊಟ್ಟ. ಕಾರು ಬದಲಿಸಬೇಕು ಎಂದು ನಿರ್ಧರಿಸಿದ್ದು ಅಂದೇ.

ಆದರೂ ಅಂಗಡಿ ಸುತ್ತುವ ಮೊದಲು ಎರಡು ತಿಂಗಳು ಹಳೆಯ ಕಾರಿನ ಲೆಕ್ಕವನ್ನೇ ಬರೆದೆ. ಪ್ರತಿ ಸಲವೂ ಪೂರ್ತಿ ಟ್ಯಾಂಕ್ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸುವ ಹಳೆಯ ಪದ್ಧತಿ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ; ನನ್ನ ಕಾರಿನಲ್ಲಿ ಅದು ಯಾವಾಗಲೂ ಸ್ವಲ್ಪ ಹೆಚ್ಚೇ ಇರುತ್ತಿತ್ತು. ಮೊದಲ ತಿಂಗಳು ಎಂದಿನಂತೆ ಗಂಟೆಗೆ 110ರ ಆಸುಪಾಸಿನಲ್ಲಿ ಓಡಿಸಿದಾಗ ಸಿಕ್ಕಿದ್ದು ಲೀಟರಿಗೆ 15.2 ಕಿ.ಮೀ. ಎರಡನೆಯ ತಿಂಗಳು 95ಕ್ಕೆ ಇಳಿಸಿದೆ: 17.8. ಒಂದು ಕಡೆಯ ಪ್ರಯಾಣಕ್ಕೆ ಹೆಚ್ಚಿಗೆ ತಗುಲಿದ್ದು ಐದು ನಿಮಿಷವೂ ಇಲ್ಲ. ಮಿತವ್ಯಯದ ದೊಡ್ಡ ಪಾಲು ಹೊಸ ಕಾರಿನಲ್ಲಿಲ್ಲ, ನನ್ನ ಬಲಗಾಲಿನಲ್ಲಿದೆ ಎಂದು ಆಗ ಗೊತ್ತಾಯಿತು. ಆದರೆ ರ‍್ಯಾಂಪಿನ ಭಯಕ್ಕೆ ನಿಧಾನ ಚಾಲನೆ ಉತ್ತರವಾಗುವುದಿಲ್ಲ. ಅಲ್ಲಿ ಶಕ್ತಿಯೇ ಬೇಕು.

ಎಷ್ಟು ಶಕ್ತಿ? ಇಲ್ಲಿ ನಾನು ಸ್ವಲ್ಪ ಲೆಕ್ಕ ಮಾಡಿದೆ, ಮತ್ತು ಆ ಲೆಕ್ಕವೇ ನನ್ನ ಆಯ್ಕೆಯ ದಿಕ್ಕನ್ನು ಬದಲಿಸಿತು. ತಗ್ಗಾದ ಮೈಕಟ್ಟಿನ ಸಾಧಾರಣ ಸೆಡಾನ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಸುಮಾರು 17 ಅಶ್ವಶಕ್ತಿ ಸಾಕು. 120ಕ್ಕೆ ಸುಮಾರು 26. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರಸ್ತೆ ಎದುರಾದರೆ ಇನ್ನೊಂದು 20 ಅಶ್ವಶಕ್ತಿ ಬೇಕು. ನನ್ನ ಹಳೆಯ ಕಾರಿನ ಕಾಗದದಲ್ಲಿ 82 ಇತ್ತು. ಹಾಗಿದ್ದರೆ ಸಾಲದೆ ಹೋದದ್ದು ಏಕೆ?

ಆ 82 ಸಿಗುವುದು ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದಾಗ ಮಾತ್ರ. ಟಾಪ್ ಗೇರಿನಲ್ಲಿ 100ರ ವೇಗದಲ್ಲಿ ಅದು ತಿರುಗುತ್ತಿದ್ದುದು 3,050 ಸುತ್ತು. ಆ ಸುತ್ತಿನಲ್ಲಿ ಅದರ ಬಳಿ ಇದ್ದದ್ದು ಸುಮಾರು 45 ಅಶ್ವಶಕ್ತಿ. ಅದರಲ್ಲಿ 17 ಆಗಲೇ ಖರ್ಚಾಗಿದೆ, ಎ.ಸಿ. ಮೂರು ನಾಲ್ಕನ್ನು ನುಂಗುತ್ತದೆ. ಉಳಿದ ಇಪ್ಪತ್ತು ಚಿಲ್ಲರೆಯಲ್ಲಿ ಲಾರಿ ದಾಟಬೇಕು. ಜಾಹೀರಾತಿನ ಗರಿಷ್ಠ ಅಶ್ವಶಕ್ತಿಗೆ ಬೆಲೆ ಕೊಡುವುದನ್ನು ನಾನು ಅಲ್ಲಿಗೆ ಬಿಟ್ಟೆ. ಯಾವ ಕಾರು ನೋಡಿದರೂ ಎರಡೇ ಪ್ರಶ್ನೆ ಕೇಳತೊಡಗಿದೆ: ಟಾಪ್ ಗೇರಿನಲ್ಲಿ 100 ಕಿ.ಮೀ. ವೇಗದಲ್ಲಿ ಎಂಜಿನ್ ಎಷ್ಟು ಸುತ್ತುತ್ತದೆ, ಅಷ್ಟು ಸುತ್ತಿನಲ್ಲಿ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಇದೆ. ಮಾರಾಟಗಾರರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರಲಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ನಾನೇ ನೋಡಿ ಬರೆದುಕೊಂಡೆ.

ಮೂರು ಬಗೆಯ ಕಾರುಗಳನ್ನು ಬೇಗ ಕೈಬಿಟ್ಟೆ. ವಿದ್ಯುತ್ ಕಾರಿಗೆ 130 ಕಿ.ಮೀ. ದೊಡ್ಡ ದೂರವೇ ಅಲ್ಲ, ತಕ್ಷಣದ ಎಳೆತದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಾಗಲಿ ಕಚೇರಿಯಲ್ಲಾಗಲಿ ನನಗೆ ಚಾರ್ಜಿಂಗ್ ಇಲ್ಲ. ಅದು ಇರುವವರು ಈ ಲೇಖನದ ಮುಂದಿನ ಭಾಗವನ್ನು ಓದುವ ಅಗತ್ಯವೇ ಇಲ್ಲ ಎಂದು ಮನಸಾರೆ ಹೇಳುತ್ತೇನೆ. ಹೈಬ್ರಿಡ್ ಬಿಡುವಾಗ ಮನಸ್ಸಿಗೆ ಕಷ್ಟವಾಯಿತು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬುವುದು ಅದರ ಜಾಣ್ಮೆ. ನಾನೋ ಐವತ್ತು ಕಿಲೋಮೀಟರಿಗೆ ನಾಲ್ಕೈದು ಸಲ ಬ್ರೇಕ್ ಮುಟ್ಟುವವನು. ನನ್ನ ರಸ್ತೆಯಲ್ಲಿ ಅದರ ಜಾಣ್ಮೆಗೆ ಕೆಲಸ ಕಡಿಮೆ. ಇನ್ನು ಎಸ್‌ಯುವಿ. “ಎತ್ತರದ ಗಾಡಿ ತೆಗೆದುಕೊಳ್ಳಿ, ರಸ್ತೆ ಚೆನ್ನಾಗಿ ಕಾಣುತ್ತದೆ” ಎಂದು ಭಾವ ತಿಂಗಳುಗಟ್ಟಲೆ ಒತ್ತಾಯಿಸಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಗಾಳಿಗೆ ಎದೆಯೊಡ್ಡುವ ವಿಸ್ತೀರ್ಣ ಹೆಚ್ಚು, ಆಕಾರ ಮೊಂಡು. ಅದೇ ವೇಗದಲ್ಲಿ ಗಾಳಿ ಸೀಳುವುದಕ್ಕೇ ಸೆಡಾನಿಗೆ ಬೇಕಾದುದರ ಮೇಲೆ ಇನ್ನೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ ಎಂದು ನನ್ನ ಲೆಕ್ಕ ಹೇಳಿತು. ದಿನವೂ ನೂರು ಕಿಲೋಮೀಟರು ಆ ದಂಡ ತೆರಲು ನಾನು ಒಪ್ಪಲಿಲ್ಲ.

ಮೈಲೇಜಿನ ಅಧಿಕೃತ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಯುರೋಪಿನಲ್ಲಿ 2017ರಿಂದ ಜಾರಿಗೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ನಾಲ್ಕು ಹಂತಗಳಿವೆ. ಕೊನೆಯ ಹಂತದಲ್ಲಿ ವೇಗ ಗಂಟೆಗೆ 131 ಕಿ.ಮೀ. ಮುಟ್ಟುತ್ತದೆ. ಎಲ್ಲರೂ ನೋಡುವುದು ಒಟ್ಟು ಸರಾಸರಿ. ಹೆದ್ದಾರಿಯವರಿಗೆ ಬೇಕಾದುದು ಆ ಕೊನೆಯ ಹಂತದ ಅಂಕಿ, ಅದು ಪ್ರತ್ಯೇಕವಾಗಿ ಸಿಗುವ ಕಡೆ ಅದನ್ನೇ ಹೋಲಿಸಬೇಕು. ಹಾಗೆ ಹೋಲಿಸಿದಾಗ ನನ್ನ ಪಟ್ಟಿಯ ಕ್ರಮವೇ ತಲೆಕೆಳಗಾಯಿತು.

ಕೊನೆಗೆ ಉಳಿದದ್ದು 1 ಲೀಟರಿನ ಟರ್ಬೊ ಪೆಟ್ರೋಲ್ ಮತ್ತು 1.5 ಲೀಟರಿನ ಡೀಸೆಲ್, ಎರಡೂ ಮೂರು ನಾಲ್ಕು ವರ್ಷ ಓಡಿದ ಸೆಡಾನ್‌ಗಳು. ಟೆಸ್ಟ್ ಡ್ರೈವ್ ಎಂದರೆ ಷೋರೂಮಿನ ಸುತ್ತ ಹತ್ತು ನಿಮಿಷ ಎಂಬುದಕ್ಕೆ ನಾನು ಸುತರಾಂ ಒಪ್ಪಲಿಲ್ಲ. ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಲು ಬಿಡಿ, ಇಲ್ಲವಾದರೆ ಬೇಡ ಎಂದೆ. ಇಬ್ಬರು ಬಿಡಲಿಲ್ಲ, ಅವರ ಕಾರು ಬಿಟ್ಟೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಸ್ತೆ ಖಾಲಿಯಿದ್ದ ಭಾನುವಾರದ ಬೆಳಗ್ಗೆ, ಎ.ಸಿ. ಹಾಕಿಕೊಂಡೇ, ಟಾಪ್ ಗೇರಿನಲ್ಲಿ 80ರಿಂದ 120ಕ್ಕೆ ಏರಲು ಎಷ್ಟು ಸೆಕೆಂಡು ಎಂದು ಅಳೆಸಿದೆ. ಹಳೆಯ ಕಾರಿನಲ್ಲಿ 19. ಟರ್ಬೊ ಪೆಟ್ರೋಲಿನಲ್ಲಿ 14. ಡೀಸೆಲ್‌ನಲ್ಲಿ 12. “ಅಣ್ಣ, ಇದು ಗೇರ್ ಇಳಿಸದೆಯೇ ಎಳೆಯುತ್ತಿದೆಯಲ್ಲ” ಎಂದು ತಮ್ಮ ಗಡಿಯಾರ ಬಿಟ್ಟು ನನ್ನ ಕೈ ನೋಡಿದ. ಆರನೆಯ ಗೇರಿನಲ್ಲಿ 100ರ ವೇಗಕ್ಕೆ ಅದು ಸುತ್ತುವುದು 1,850 ಮಾತ್ರ, ಆದರೆ ಅಲ್ಲೇ 250 ನ್ಯೂಟನ್ ಮೀಟರ್ ಟಾರ್ಕ್ ಸಿದ್ಧವಾಗಿ ಕಾದಿರುತ್ತದೆ. ಲೆಕ್ಕ ಹಾಕಿದರೆ 65 ಅಶ್ವಶಕ್ತಿ, ಕಾಲಿಟ್ಟ ಕ್ಷಣದಲ್ಲಿ. ಸುತ್ತು ಕಡಿಮೆಯಾದಷ್ಟೂ ಸದ್ದು ಕಡಿಮೆ, ಸಂಜೆಯ ತಲೆನೋವೂ ಕಡಿಮೆ. ಈ ಕೊನೆಯದನ್ನು ನಾನು ಮೊದಲು ಎಣಿಸಿಯೇ ಇರಲಿಲ್ಲ.

ಡೀಸೆಲ್‌ಗೆ ಒಂದು ಕಟ್ಟುಪಾಡಿದೆ, ಅದನ್ನು ಮುಚ್ಚಿಡಬಾರದು. ಹೊಗೆನಳಿಕೆಯಲ್ಲಿ ಡಿಪಿಎಫ್ ಎಂಬ ಸೋಸುಗ ಇರುತ್ತದೆ. ಅದು ಮಸಿಯನ್ನು ಹಿಡಿದಿಟ್ಟು, ಆಗಾಗ ತೀವ್ರ ಬಿಸಿಯಲ್ಲಿ ಸುಟ್ಟು ಹಾಕುತ್ತದೆ. ಸುಡುವಷ್ಟು ಬಿಸಿಯಾಗಲು ಹದಿನೈದು ಇಪ್ಪತ್ತು ನಿಮಿಷದ ನಿರಂತರ ಓಟ ಬೇಕು. ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಂತು ಸೋಸುಗ ಕಟ್ಟಿಕೊಳ್ಳುತ್ತದೆ. ನಾನು ನೋಡಿದ ಮೊದಲ ಡೀಸೆಲ್ ಹೊಳೆಯುವಂತಿತ್ತು, ಓಡಿದ್ದೂ ಕಡಿಮೆ. “ಹೆದ್ದಾರಿಯಲ್ಲೇ ಓಡಿದ ಗಾಡಿ” ಎಂದು ಮಾರುವವರು ಹೇಳಿದರು. ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಕಿಂಡಿಗೆ ನನ್ನ ಚಿಕ್ಕ ಉಪಕರಣ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡಿದರೆ, ಎರಡು ಸುಡುವಿಕೆಗಳ ನಡುವಿನ ಸರಾಸರಿ ದೂರ 140 ಕಿ.ಮೀ. ಮಾತ್ರ. ನಿಜವಾಗಿ ಹೆದ್ದಾರಿಯಲ್ಲಿ ಓಡಿದ ಗಾಡಿಯಲ್ಲಿ ಅದು ಇದರ ಎರಡು ಮೂರು ಪಟ್ಟು ಇರಬೇಕಿತ್ತು. ಮಾತಿಗಿಂತ ಆ ಅಂಕಿಯನ್ನು ನಂಬಿ ಎದ್ದುಬಂದೆ. ನಾನು ಕೊನೆಗೆ ಕೊಂಡ ಕಾರು ಅದಕ್ಕಿಂತ ಹೆಚ್ಚು ಓಡಿತ್ತು, ಅದರ ಅಂಕಿ 460. ಸರ್ವೀಸ್ ದಾಖಲೆಗಳು ಕ್ರಮವಾಗಿದ್ದವು. ಟೈರಿನ ಪಕ್ಕೆಯ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ನಾಲ್ಕೂ ಟೈರುಗಳು ಕಾರಿನ ವಯಸ್ಸಿನವೇ ಆಗಿದ್ದವು, ಸವೆತವೂ ಸಮನಾಗಿತ್ತು. ಹಾಗಿದ್ದರೂ ಬೇಗನೆ ಬದಲಿಸಿದೆ. ಮಳೆಯಲ್ಲಿ 100ರ ವೇಗದಲ್ಲಿ ಓಡುವವನು ಟೈರಿನಲ್ಲಿ ಉಳಿತಾಯ ಮಾಡಬಾರದು.

ಈಗ ಏಳು ತಿಂಗಳಾಗಿದೆ. 100ರಿಂದ 105ರ ವೇಗದಲ್ಲಿ ಓಡಿಸುತ್ತೇನೆ, ಲೀಟರಿಗೆ 22 ಕಿ.ಮೀ. ಸಿಗುತ್ತಿದೆ. ಇದೇ ವೇಗದಲ್ಲಿ ಹಳೆಯದು 16.5 ಕೊಡುತ್ತಿತ್ತು. ವರ್ಷದ 28,000 ಕಿ.ಮೀ.ಗೆ 420 ಲೀಟರಿಗೂ ಹೆಚ್ಚು ಉಳಿತಾಯ. ಆದರೆ ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಪೆಟ್ರೋಲಿನಿಂದ 2.31. ಆದ್ದರಿಂದ ಇಂಧನ ಕಾಲು ಭಾಗ ತಗ್ಗಿದರೂ ಇಂಗಾಲ ತಗ್ಗಿದ್ದು ಶೇಕಡಾ 13ರಷ್ಟೇ. ಹೊಗೆಯನ್ನು ಶುಚಿಗೊಳಿಸುವ ಯೂರಿಯಾ ದ್ರಾವಣ ತುಂಬಿಸುವ ಹೆಚ್ಚುವರಿ ಕೆಲಸವೂ ಸೇರಿಕೊಂಡಿದೆ.

ಆ ರ‍್ಯಾಂಪಿನಲ್ಲಿ ಈಗ ನಾಲ್ಕನೆಯ ಗೇರಿನಲ್ಲೇ 95 ಮುಟ್ಟಿ ಹೆದ್ದಾರಿಗೆ ಸೇರುತ್ತೇನೆ, ಎ.ಸಿ. ಹಾಕಿಯೇ ಇರುತ್ತದೆ. ಕೆಲವು ಸಂಜೆ ಮನೆಯ ತಿರುವು ಹತ್ತಿರವಾಗುವ ಹೊತ್ತಿಗೆ ಸರಿಯಾಗಿ ಡಿಪಿಎಫ್ ಸುಡಲು ಶುರುವಾಗಿರುತ್ತದೆ. ಕ್ಷಣಕ್ಷಣದ ಮೈಲೇಜ್ ತೋರಿಸುವ ಗೆರೆ ಕಾರಣವಿಲ್ಲದೆ ಇಳಿಯುತ್ತದೆ, ಎಂಜಿನ್ನಿನ ಸದ್ದು ತುಸು ಗಡುಸಾಗುತ್ತದೆ. ಆಗ ನಾನು ತಿರುವಿನಲ್ಲಿ ಇಳಿಯದೆ ಮುಂದಿನದರವರೆಗೆ ಹೋಗಿ, ಅದು ಮುಗಿಸುವವರೆಗೆ ಓಡಿಸಿ, ಹಿಂತಿರುಗಿ ಮನೆಗೆ ಬರುತ್ತೇನೆ.