ಬೆಳಗಿನ ಶುಗರ್ ಏಕೆ ಏರುತ್ತದೆ? ರಾತ್ರಿ ಮೂರಕ್ಕೆ ಎದ್ದು ನೋಡಿ
ಮಲಗುವಾಗ 140 ಇದ್ದ ಶುಗರ್, ಏನೂ ತಿನ್ನದೆಯೇ ಬೆಳಿಗ್ಗೆ 175 ಆಗಿದ್ದರೆ ಎಲ್ಲರೂ ಬೈಯುವುದು ರಾತ್ರಿಯ ಮುದ್ದೆಯನ್ನೇ. ಪಾಪ, ಹಲವು ಸಲ ಅದರ ತಪ್ಪಿರುವುದಿಲ್ಲ. ಆ ಸಕ್ಕರೆ ಬಂದಿದ್ದು ಲಿವರ್‌ನಿಂದ.

ಹೊಟ್ಟೆ ಖಾಲಿ ಇದ್ದಾಗ ಮೆದುಳಿಗೆ ಬೇಕಾದ ಗ್ಲೂಕೋಸನ್ನು ಲಿವರ್ ತನ್ನ ದಾಸ್ತಾನಿನಿಂದ ಬಿಡುತ್ತದೆ. ಬಿಡು ಎನ್ನುವುದು ಮೇದೋಜೀರಕ ಗ್ರಂಥಿಯ ಗ್ಲುಕಗಾನ್ ಎಂಬ ಹಾರ್ಮೋನ್. ಸಾಕು ಎನ್ನುವುದು ಅದೇ ಗ್ರಂಥಿಯ ಇನ್ಸುಲಿನ್. ಬೆಳಗಿನ ಜಾವ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಏರುತ್ತದೆ, ರಾತ್ರಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಿಟ್ಟ ಬೆಳವಣಿಗೆ ಹಾರ್ಮೋನಿನ ಪ್ರಭಾವವೂ ಉಳಿದಿರುತ್ತದೆ. ಇವುಗಳ ಮುಂದೆ ಇನ್ಸುಲಿನ್ ಮಾತು ನಡೆಯುವುದಿಲ್ಲ. ಆರೋಗ್ಯವಂತರ ದೇಹ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ, ಮಧುಮೇಹಿಗಳಿಗೆ ಅದಾಗುವುದಿಲ್ಲ.

ಒಂದೇ ಅಂಕಿ ಹಿಡಿದು ಇದನ್ನು ತೀರ್ಮಾನಿಸಲಾಗದು. ಒಂದೇ ವಾರದಲ್ಲಿ ಮೂರು ರಾತ್ರಿ ಆರಿಸಿಕೊಳ್ಳಿ. ಮಲಗುವಾಗ, ರಾತ್ರಿ 3ಕ್ಕೆ, ಎದ್ದ ಕೂಡಲೇ ಕಾಫಿಗೆ ಮೊದಲು, ಹೀಗೆ ದಿನಕ್ಕೆ ಮೂರು ಸಲ ಮನೆಯ ಶುಗರ್ ಮೀಟರಿನಲ್ಲಿ ನೋಡಿ. ಊಟದ ಹೊತ್ತು, ಮಾತ್ರೆ ಅಥವಾ ಇನ್ಸುಲಿನ್ ಹೊತ್ತನ್ನೂ ಪಕ್ಕದಲ್ಲೇ ಬರೆಯಿರಿ.

ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಬೆರಳು ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಬೆರಳ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಹನಿ ಬರಲಿಲ್ಲವೆಂದು ಹಿಂಡಿದರೆ ರಕ್ತದ ಜೊತೆ ಬೇರೆ ದ್ರವವೂ ಸೇರಿ ಅಂಕಿ ತಪ್ಪುತ್ತದೆ; ಕೈ ಕೆಳಗೆ ಇಳಿಬಿಟ್ಟು ಸ್ವಲ್ಪ ಕಾಯಿರಿ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿ ಮುಚ್ಚಿ, ತೇವ ತಗುಲಿದರೆ ಸ್ಟ್ರಿಪ್‌ಗಳು ಕೆಡುತ್ತವೆ. ಒಳ್ಳೆಯ ಮೀಟರೂ 100ಕ್ಕಿಂತ ಮೇಲೆ ಶೇ. 15ರಷ್ಟು ಅತ್ತಿತ್ತ ತೋರಿಸಬಹುದು. ಹಾಗಾಗಿ 148, 156ರ ನಡುವಿನ ವ್ಯತ್ಯಾಸಕ್ಕೆ ನಿದ್ದೆಗೆಡಬೇಡಿ.

ಮೂರಕ್ಕೆ 130 ಇದ್ದು ಬೆಳಿಗ್ಗೆ 175 ಆಗಿದ್ದರೆ ಅದು ಮುಂಜಾವಿನ ಹಾರ್ಮೋನಿನದೇ ಕೆಲಸ. ಮಲಗುವಾಗಲೇ 220 ಇದ್ದು ರಾತ್ರಿಯಿಡೀ ಅಲ್ಲೇ ನಿಂತಿದ್ದರೆ ಮುದ್ದೆಯನ್ನು ಬೈಯಲು ಅಡ್ಡಿಯಿಲ್ಲ: ಹತ್ತೂವರೆಯ ಊಟವನ್ನು ಎಂಟಕ್ಕೆ ತನ್ನಿ, ಉಂಡ ಮೇಲೆ ಕಾಲು ಗಂಟೆ ನಡೆಯಿರಿ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ 140, 170, 210 ಎಂದು ಮೆಟ್ಟಿಲು ಹತ್ತಿದ್ದರೆ ರಾತ್ರಿಯ ಡೋಸ್ ಬೆಳಗಿನವರೆಗೆ ಸಾಲುತ್ತಿಲ್ಲವೇನೋ. ಊಟ ಬಿಡುವುದು ಮಾತ್ರ ಪರಿಹಾರವಲ್ಲ, ಲಿವರ್ ಅದಕ್ಕೆ ಜಗ್ಗುವುದಿಲ್ಲ.

ಮೂರಕ್ಕೆ 70ಕ್ಕಿಂತ ಕಡಿಮೆ ಬಂದರೆ ಅಂಕಿ ಬರೆಯುವುದು ಆಮೇಲೆ. 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು 3 ಟೀ ಚಮಚ, ನೀರಿನಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನಿಸುವ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆಯೂ ಬೇಗ ಹತ್ತದು, ಗ್ಲೂಕೋಸೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಇಂಥ ರಾತ್ರಿ ಒಂದೇ ಬಂದಿದ್ದರೂ ಮೂರನೆಯದಕ್ಕೆ ಕಾಯದೆ ಮಾರನೇ ದಿನವೇ ಡಾಕ್ಟರಿಗೆ ತಿಳಿಸಿ. ಬೆಳಗಿನ 175 ನೋಡಿ ನೀವೇ ಇನ್ಸುಲಿನ್ ಎರಡು ಯೂನಿಟ್ ಏರಿಸಿದ್ದರೆ ಅದನ್ನೂ ಮುಚ್ಚಿಡಬೇಡಿ.