ನೋಟರಿ ಸೀಲ್ ಬಿದ್ದ ಮೇಲೆ ಕಾಗದ ಎಲ್ಲಿಗೆ ಹೋಗಬೇಕು?

ಮಸ್ಕತ್‌ನಲ್ಲಿ ಕೆಲಸ ಸಿಕ್ಕ ಮಗ ಹೆಂಡತಿಯನ್ನು ಕರೆಸಿಕೊಳ್ಳಬೇಕು. ಮಂಗಳೂರಿನಲ್ಲಿ ನರ್ಸಿಂಗ್ ಓದಿದ ಮಗಳಿಗೆ ಕುವೈತ್‌ನ ಆಸ್ಪತ್ರೆಯೊಂದು ಕರೆ ಕಳಿಸಿದೆ. ಎರಡೂ ಕಡೆಯಿಂದ ಬರುವ ಮಾತು ಒಂದೇ: ‘ಡಾಕ್ಯುಮೆಂಟ್ಸ್ ಅಟೆಸ್ಟ್ ಮಾಡಿಸಿ.’ ಮನೆಯವರು ಕೋರ್ಟ್ ಪಕ್ಕದ ನೋಟರಿ ಹತ್ತಿರ ಸೀಲ್ ಹಾಕಿಸಿ, ಕೊರಿಯರ್ ಮಾಡಿ ನಿರಾಳರಾಗುತ್ತಾರೆ. ಆಮೇಲೆ ಕಾಗದ ನಡೆಯುವುದಿಲ್ಲ ಎಂಬ ಸುದ್ದಿ ಬರುತ್ತದೆ.

ಶಿವಮೊಗ್ಗದ ನೋಟರಿಯ ಸಹಿ ಮಸ್ಕತ್‌ನ ಅಧಿಕಾರಿಗೆ ಗೊತ್ತಿರುವುದಿಲ್ಲ. ಆ ಸಹಿ ನಿಜವೆಂದು ರಾಜ್ಯ ಸರ್ಕಾರ ಹೇಳಬೇಕು, ರಾಜ್ಯದ ಅಧಿಕಾರಿಯ ಸಹಿ ನಿಜವೆಂದು ಕೇಂದ್ರ ಹೇಳಬೇಕು. ಪ್ರತಿ ಮುದ್ರೆಯೂ ತನ್ನ ಹಿಂದಿನ ಸಹಿಗೆ ಮಾತ್ರ ಜಾಮೀನು. ಬುಡದಲ್ಲೇ ತಪ್ಪಾದರೆ ಮೇಲಿನದಕ್ಕೆ ಕೊಟ್ಟ ದುಡ್ಡು, ದಿನ ಎರಡೂ ದಂಡ.

ಮೊದಲು ದೇಶ ಯಾವುದೆಂದು ನೋಡಿ

ಒಬ್ಬರ ದಾಖಲೆಯನ್ನು ಇನ್ನೊಬ್ಬರು ಸುಲಭವಾಗಿ ಒಪ್ಪಲೆಂದು ದೇಶಗಳು ಮಾಡಿಕೊಂಡ 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ, ನಮ್ಮ ವಿದೇಶಾಂಗ ಸಚಿವಾಲಯ ಕೊಡುವ ‘ಅಪೋಸ್ಟಿಲ್’ ಎಂಬ ಒಂದೇ ಪ್ರಮಾಣಪತ್ರ ಸಾಕು, ರಾಯಭಾರ ಕಚೇರಿಯ ಮುದ್ರೆ ಬೇಡ. ಭಾರತದಲ್ಲಿ ಇದು ಜಾರಿಗೆ ಬಂದದ್ದು 2005ರ ಜುಲೈ 14ರಿಂದ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಒಮಾನ್, ಬಹ್ರೇನ್ ಈ ಪಟ್ಟಿಯಲ್ಲಿವೆ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ ಒಪ್ಪಂದ ಜಾರಿಯಾಯಿತು. ಯುಎಇ, ಕುವೈತ್, ಕತಾರ್‌ಗಳಿಗೆ ಹಳೆಯ ದಾರಿಯೇ: ವಿದೇಶಾಂಗ ಸಚಿವಾಲಯದ ಅಟೆಸ್ಟೇಶನ್, ನಂತರ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದು. ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಸಲ್ಲಿಸಿದ ದೇಶ. ಅಲ್ಲಿಗೆ ಹೋಗುವವರು ಅಪೋಸ್ಟಿಲ್‌ಗೆ ಹಣ ಕಟ್ಟುವ ಮುನ್ನ ಜರ್ಮನ್ ದೂತಾವಾಸದ ಸೂಚನೆ ಓದಲೇಬೇಕು. ಈ ಪಟ್ಟಿ ಬದಲಾಗುತ್ತಿರುತ್ತದೆ. ಹಾಗಾಗಿ ಕೆಲಸ ಕೊಟ್ಟವರಿಂದಲೋ ವಿಶ್ವವಿದ್ಯಾಲಯದಿಂದಲೋ ಏನು ಬೇಕೆಂದು ಬರಹದಲ್ಲಿ ತರಿಸಿಕೊಳ್ಳಿ: ಮೂಲ ಪತ್ರವೋ, ನಕಲೋ, ಅಪೋಸ್ಟಿಲ್ಲೋ, ರಾಯಭಾರ ಕಚೇರಿಯ ಮುದ್ರೆಯೋ.

ನೋಟರಿಯಿಂದ ಆಗುವುದು, ಆಗದ್ದು

1952ರ ನೋಟರಿ ಕಾಯ್ದೆಯಡಿ ಕೇಂದ್ರ ಅಥವಾ ರಾಜ್ಯ ಸರ್ಕಾರ ನೇಮಿಸಿದ ವ್ಯಕ್ತಿ ನೋಟರಿ. ನಮ್ಮಲ್ಲಿ ಸಾಮಾನ್ಯವಾಗಿ ಅನುಭವಿ ವಕೀಲರು. ನಿಮ್ಮ ಸಹಿಗೆ ಸಾಕ್ಷಿಯಾಗುವುದು, ಪ್ರಮಾಣ ಬೋಧಿಸಿ ಅಫಿಡವಿಟ್ ದೃಢೀಕರಿಸುವುದು, ಮೂಲ ನೋಡಿ ‘ಟ್ರೂ ಕಾಪಿ’ ಎಂದು ಸೀಲ್ ಹಾಕುವುದು ಅವರ ಕೆಲಸ. ಪದವಿ ಅಸಲಿಯೋ ನಕಲಿಯೋ ಎಂದು ಹೇಳುವುದು ಅವರ ಕೆಲಸವಲ್ಲ. ನೋಟರಿ ಮುಂದೆ ಬರೆದುಕೊಂಡ ಮದುವೆ ಒಪ್ಪಂದ ವಿವಾಹ ಪ್ರಮಾಣಪತ್ರವೂ ಆಗುವುದಿಲ್ಲ. ಹೆಂಡತಿಯ ವೀಸಾಕ್ಕೆ ನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರವೇ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಹೊಸ ಜೋಡಿಗಳು ತಿಂಗಳುಗಟ್ಟಲೆ ಬೇರೆ ಬೇರೆ ದೇಶದಲ್ಲಿ ಕಾಯುವಂತಾಗುತ್ತದೆ.

ಅಂದರೆ ಪವರ್ ಆಫ್ ಅಟಾರ್ನಿ, ಅವಿವಾಹಿತ ಎಂಬ ಅಫಿಡವಿಟ್, ಮಗುವನ್ನು ಒಬ್ಬರೇ ಪೋಷಕರು ಕರೆದೊಯ್ಯಲು ಇನ್ನೊಬ್ಬರ ಒಪ್ಪಿಗೆ ಪತ್ರ, ಅನುವಾದಕರ ಪ್ರಮಾಣ, ಇವುಗಳಿಗೆ ನೋಟರಿಯಿಂದ ಶುರು. ಪದವಿ, ಅಂಕಪಟ್ಟಿಗಳು ವಿಶ್ವವಿದ್ಯಾಲಯ ಅಥವಾ ಮಂಡಳಿಯ ಪರಿಶೀಲನೆಯಿಂದ ಶುರುವಾಗುತ್ತವೆ. ಮುಂದಿನ ಕಚೇರಿ ಕೇಳದ ಹೊರತು ಮೂಲ ಪದವಿ ಪತ್ರದ ಮೇಲೆ ನೋಟರಿ ಸೀಲ್ ಹಾಕಿಸಬೇಡಿ.

ಹೆಸರಿನ ಇನಿಷಿಯಲ್

ನಮ್ಮ ರಾಜ್ಯದವರಿಗೆ ಹೆಚ್ಚು ತೊಂದರೆ ಕೊಡುವುದು ಇದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ ಕಡೂರು ಶಿವಪ್ಪ’, ಮದುವೆ ಪತ್ರದಲ್ಲಿ ಬರೀ ‘ಮಂಜುನಾಥ್’. ನಮಗೆ ಮೂವರೂ ಒಬ್ಬನೇ ಎಂದು ನೋಡಿದ ತಕ್ಷಣ ತಿಳಿಯುತ್ತದೆ, ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗುವುದು ನಮಗೆ ರೂಢಿ. ಹೊರದೇಶದ ಗುಮಾಸ್ತರಿಗೆ ಅವರು ಮೂರು ಬೇರೆ ಜನ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರಿನ ಕಾಗುಣಿತವನ್ನು ಪಾಸ್‌ಪೋರ್ಟ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ತಿದ್ದಿಸಬಹುದಾದ ಪತ್ರವನ್ನು ಕೊಟ್ಟ ಕಚೇರಿಯಲ್ಲೇ ತಿದ್ದಿಸುವುದು ಅತ್ಯುತ್ತಮ. ಆಗದಿದ್ದರೆ ‘ಈ ಎಲ್ಲ ಹೆಸರುಗಳೂ ಒಬ್ಬನೇ ವ್ಯಕ್ತಿಯವು’ ಎಂಬ ಅಫಿಡವಿಟ್ ಮಾಡಿಸಿ. ಅದರಲ್ಲಿ ಪ್ರತಿ ದಾಖಲೆಯ ಸಂಖ್ಯೆ, ಅಲ್ಲಿರುವ ಹೆಸರು ಇದ್ದ ಹಾಗೇ ಬರಲಿ, ಮತ್ತು ಅದನ್ನು ಇಂಗ್ಲಿಷ್‌ನಲ್ಲೇ ಬರೆಸಿ.

ಹಳೆಯ ಜನನ ಪತ್ರ ಕೈಬರಹದ ಕನ್ನಡದಲ್ಲಿದ್ದರೆ, ಅನುವಾದಕ್ಕೆ ಮೊದಲು ಜನನ ಮರಣ ನೋಂದಣಿ ಕಚೇರಿಯಲ್ಲಿ ಹೊಸ ಪ್ರತಿ ಕೇಳಿ. ಇಂಗ್ಲಿಷ್ ಕೂಡ ಇರುವ ಪ್ರತಿ ಸಿಕ್ಕರೆ ಅನುವಾದದ ಖರ್ಚೇ ತಪ್ಪುತ್ತದೆ. ಮೂಲ ದಾಖಲೆಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಪ್ಲಾಸ್ಟಿಕ್ ಮೇಲೆ ಮುದ್ರೆ ನಿಲ್ಲುವುದಿಲ್ಲ.

ನೋಟರಿ ಎದುರು ಕುಳಿತಾಗ

ಮನೆಯಲ್ಲಿ ಸಹಿ ಹಾಕಿಕೊಂಡು ಹೋಗಬೇಡಿ. ಸಹಿ ಮಾಡುವವರೇ ಖುದ್ದಾಗಿ ಪಾಸ್‌ಪೋರ್ಟ್, ಆಧಾರ್ ಹಿಡಿದು ಹೋಗಿ, ಅವರ ಎದುರಲ್ಲೇ ಸಹಿ ಮಾಡಬೇಕು. ‘ನೀವು ಬರುವುದೇ ಬೇಡ, ಕಾಗದ ಕೊಡಿ’ ಎನ್ನುವ ಕಡೆಯಿಂದ ಎದ್ದು ಬನ್ನಿ. ನಾಳೆ ಆ ಪವರ್ ಆಫ್ ಅಟಾರ್ನಿಯನ್ನು ಯಾರಾದರೂ ಪ್ರಶ್ನಿಸಿದರೆ ಅನುಭವಿಸುವವರು ನೀವು. ಇ-ಸ್ಟಾಂಪ್ ಕಾಗದದಲ್ಲಿ ನಿಮ್ಮ ಹೆಸರು, ಉದ್ದೇಶ ಸರಿಯಾಗಿದೆಯೇ ನೋಡಿಕೊಳ್ಳಿ.

ಸೀಲ್ ಬಿದ್ದ ಮೇಲೆ ಎದ್ದು ಹೊರಡುವ ಮುಂಚೆ ಒಂದು ನಿಮಿಷ ನಿಲ್ಲಿ. ನಿಯಮದ ಪ್ರಕಾರ ನೋಟರಿ ಮುದ್ರೆ 5 ಸೆಂಟಿಮೀಟರ್ ವ್ಯಾಸದ ದುಂಡು ಸೀಲ್. ಅದರಲ್ಲಿ ಹೆಸರು, ವ್ಯಾಪ್ತಿಯ ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರ ಇರಬೇಕು. ಅವು ಓದಲು ಬರುವಂತಿವೆಯೇ? ದಿನಾಂಕ, ನೋಟರಿ ರಿಜಿಸ್ಟರ್‌ನ ಕ್ರಮಸಂಖ್ಯೆ, ನೋಟರಿ ಸ್ಟಾಂಪ್ ಇವೆಯೇ? ಪ್ರತಿ ಪುಟಕ್ಕೂ ಸಹಿ ಬಿದ್ದಿದೆಯೇ? ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಕೇಳಲು ಸಂಕೋಚ ಬೇಡ. ಶುಲ್ಕದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಹಾಕಬೇಕು, ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು ಎಂಬುದೂ ನಿಯಮವೇ. ಆಮೇಲೆ ಪಿನ್ ಬಿಚ್ಚಿ ಜೆರಾಕ್ಸ್ ಮಾಡಿಸಬೇಡಿ. ಪುಟ ಬದಲಾಗಿದೆ ಎಂಬ ಅನುಮಾನ ಬರುತ್ತದೆ.

ಅಲ್ಲಿಂದ ಮುಂದೆ

ಅಫಿಡವಿಟ್, ಜನನ, ಮದುವೆಯಂಥ ವೈಯಕ್ತಿಕ ದಾಖಲೆಗಳು ಸಾಮಾನ್ಯವಾಗಿ ರಾಜ್ಯದ ಗೃಹ ಇಲಾಖೆಗೆ, ಓದಿನವು ಶಿಕ್ಷಣ ಇಲಾಖೆಗೆ, ವ್ಯಾಪಾರದವು ವಾಣಿಜ್ಯ ಮಂಡಳಿಗೆ ಹೋಗುತ್ತವೆ. ಅದಾದ ಮೇಲೆ ವಿದೇಶಾಂಗ ಸಚಿವಾಲಯ. 2019ರಿಂದ ಈ ಸೇವೆ ಬೆಂಗಳೂರಿನಲ್ಲೂ ಇದೆ, ದೆಹಲಿಗೆ ಕಳಿಸಲೇಬೇಕೆಂಬ ಮಾತನ್ನು ನಂಬಬೇಡಿ. ಸಚಿವಾಲಯ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ. ಅದು ನೇಮಿಸಿದ ಏಜೆನ್ಸಿಗಳ ಪಟ್ಟಿ ಅದರ ವೆಬ್‌ಸೈಟ್‌ನಲ್ಲಿದೆ. ಅಪೋಸ್ಟಿಲ್‌ಗೆ ಸರ್ಕಾರದ ಶುಲ್ಕ ದಾಖಲೆಗೆ 50 ರೂಪಾಯಿ, ಏಜೆನ್ಸಿಯ ಸೇವಾ ಶುಲ್ಕ ಬೇರೆ. ಸಾವಿರಗಟ್ಟಲೆ ಕೇಳುವವರಿಗೆ ಯಾವ ಮುದ್ರೆಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡಲು ಹೇಳಿ.

ಕಾಗದ ಕೈಗೆ ಬಂದಾಗ ಹಿಂಬದಿಯ ಅಪೋಸ್ಟಿಲ್ ಸ್ಟಿಕರ್‌ನಲ್ಲಿ ನಿಮ್ಮ ಹೆಸರು ನೋಡಿ, ಅಲ್ಲಿರುವ ಸಂಖ್ಯೆಯನ್ನು ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ಪರೀಕ್ಷಿಸಿ. ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಂಡ ಮೇಲೆಯೇ ಕೊರಿಯರ್‌ಗೆ ಕೊಡಿ.